ಒಂದು ಹಳ್ಳ, ನಾಲ್ಕು ನೆರೆ ಗೆರೆ: ಬೆಟ್ಟದ ತೊರೆಯ ಒಂದು ಪ್ರಕರಣ

ಬೆಟ್ಟದಿಂದ ಇಳಿದು ಬರುವ ಒಂದು ಸಣ್ಣ ಹಳ್ಳ. ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರು ಇದ್ದರೆ ಹೆಚ್ಚು. ಅದರ ಪಕ್ಕದ ಜಾಗದಲ್ಲಿ ನೆರೆ ಎಲ್ಲಿವರೆಗೆ ಬರುತ್ತದೆ ಅಂತ ನಕ್ಷೆಯ ಮೇಲೆ ಗೆರೆ ಹಾಕಿಕೊಡುವ ಕೆಲಸ ನಮಗೆ ಬಂತು. ನಾವು ಮೊದಲು ಹಾಕಿದ ಗೆರೆ ತಪ್ಪಾಗಿತ್ತು. ಯಾಕೆ ತಪ್ಪಾಯಿತು, ಅದು ನಮಗೆ ಯಾವಾಗ ಗೊತ್ತಾಯಿತು, ಆಮೇಲೆ ಏನು ಮಾಡಿದೆವು ಅನ್ನುವುದನ್ನು ಇಂಥದ್ದೇ ಕೆಲಸ ಮಾಡುವವರಿಗಾಗಿ ಬರೆಯುತ್ತಿದ್ದೇನೆ. ಜಾಗ ಯಾವುದು, ಜನ ಯಾರು ಅಂತ ತಿಳಿಯಬಾರದು, ಹಾಗಾಗಿ ಅಳತೆಗಳನ್ನು ಸ್ವಲ್ಪ ಬದಲಿಸಿದ್ದೇನೆ. ಆದರೆ ಲೆಕ್ಕ ಮಾತ್ರ ಒಂದಕ್ಕೊಂದು ಹೊಂದುವ ಹಾಗೇ ಇದೆ. ಬೇಕಾದರೆ ನೀವೇ ಹಾಕಿ ನೋಡಬಹುದು.

ಜಾಗ ಹೇಗಿತ್ತು

ಹಳ್ಳಕ್ಕೆ ನೀರು ಬರುವ ಪ್ರದೇಶ 9 ಚದರ ಕಿಲೋಮೀಟರ್. ಹಳ್ಳದ ಉದ್ದ ಐದೂವರೆ ಕಿಲೋಮೀಟರ್, ಅಷ್ಟರಲ್ಲಿ 660 ಮೀಟರ್ ಕೆಳಗೆ ಇಳಿಯುತ್ತದೆ. ಮೇಲೆ ಕಾಡು, ಕಡಿದಾದ ಗುಡ್ಡ. ಕೆಳಗೆ ಬೆಟ್ಟ ಮುಗಿಯುವಲ್ಲಿ ಹಳ್ಳ ಕಣಿವೆಯಿಂದ ಹೊರಗೆ ಬಂದು, ಬೀಸಣಿಗೆ ಬಿಚ್ಚಿಟ್ಟ ಹಾಗಿರುವ ಒಂದು ದಿಣ್ಣೆಯ ಮೇಲೆ ಹರಿಯುತ್ತದೆ. ಈ ಭಾಗದಲ್ಲಿ ಪಾತ್ರದ ಅಗಲ ಸುಮಾರು 8 ಮೀಟರ್, ದಡದ ಎತ್ತರ 1.6 ಮೀಟರ್, ಇಳಿಜಾರು 100 ಮೀಟರಿಗೆ ಮೂರೂವರೆ ಮೀಟರ್. ಪಾತ್ರದ ತುಂಬ ಗುಂಡುಕಲ್ಲು, ಅಲ್ಲಲ್ಲಿ ಮೇಜಿನಷ್ಟು ದೊಡ್ಡ ಬಂಡೆ. ದಿಣ್ಣೆಯ ನೆತ್ತಿಗೆ ಹತ್ತಿರ ಒಂದು ಕಿರುಸೇತುವೆ ಇದೆ. ನಡುವೆ ಒಂದು ಕಂಬ, ಕಂಬ ಬಿಟ್ಟು 7 ಮೀಟರ್ ಅಗಲದ ಬಾಯಿ, ಎತ್ತರ 2.2 ಮೀಟರ್.

ಜಾಗದ ಮಾಲೀಕರಿಗೆ ಅಲ್ಲಿ ಒಂದು ವಸತಿ ಕಟ್ಟಡ ಕಟ್ಟಬೇಕಿತ್ತು. ಎಡದಂಡೆಯಲ್ಲಿ, ಹಳ್ಳದಿಂದ 70 ಮೀಟರ್ ದೂರದಲ್ಲಿ, ಚಪ್ಪಟೆಯಾಗಿದ್ದ ಒಂದು ಚಂದದ ಜಾಗವನ್ನು ಅವರು ಆಗಲೇ ಆರಿಸಿಕೊಂಡಿದ್ದರು. ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ. ಯಾವುದೇ ವರ್ಷದಲ್ಲಿ ಬರುವ ಸಾಧ್ಯತೆ 1 ಶೇಕಡಾ ಇರುವ ನೆರೆ, ಅಂದರೆ ಎಲ್ಲರೂ "ನೂರು ವರ್ಷದ ನೆರೆ" ಅನ್ನುತ್ತಾರಲ್ಲ ಅದು, ಎಲ್ಲಿವರೆಗೆ ಬರುತ್ತದೆ? ಆ ಹೆಸರು ಜನರನ್ನು ಮೋಸಗೊಳಿಸುತ್ತದೆ. ನೂರು ವರ್ಷಕ್ಕೆ ಒಂದೇ ಸಲ ಬರುವ ನೆರೆ ಅಂತ ಅದರ ಅರ್ಥ ಅಲ್ಲ. ಒಂದು ಕಟ್ಟಡ 30 ವರ್ಷ ನಿಂತರೆ, ಅಷ್ಟರಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ 26 ಶೇಕಡಾ. ನಾಲ್ಕರಲ್ಲಿ ಒಂದು.

ಮೊದಲ ಮಾಡೆಲ್

ಹಳ್ಳದಲ್ಲಿ ನೀರಿನ ಅಳತೆ ಯಾರೂ ಇಟ್ಟಿರಲಿಲ್ಲ. ಸಣ್ಣ ಹಳ್ಳಗಳ ಕತೆ ಎಲ್ಲ ಕಡೆ ಇದೇ. ಇದ್ದದ್ದು ಕೆಳಗಿನ ಬಯಲಿನ ಒಂದು ಮಳೆಮಾಪಕದ ದಿನವಹಿ ದಾಖಲೆ ಮಾತ್ರ. ಅದರಿಂದ ಒಂದು ದಿನದ ದೊಡ್ಡ ಮಳೆ ತೆಗೆದು, ಅದನ್ನು ಗಂಟೆಗಳಿಗೆ ಹಂಚಿ, ಗಂಟೆಗೆ 42 ಮಿಲಿಮೀಟರ್ ಅಂತ ಹಿಡಿದೆವು. ಬಿದ್ದ ಮಳೆಯಲ್ಲಿ 40 ಶೇಕಡಾ ಹರಿದು ಬರುತ್ತದೆ ಅಂದುಕೊಂಡರೆ, 9 ಚದರ ಕಿಲೋಮೀಟರಿನಿಂದ ಸೆಕೆಂಡಿಗೆ 42 ಘನ ಮೀಟರ್ ನೀರು.

ನೆಲದ ಎತ್ತರಕ್ಕೆ ಮೊದಲು ಬಳಸಿದ್ದು ಪುಕ್ಕಟೆ ಸಿಗುವ ಎಸ್‌ಆರ್‌ಟಿಎಂ ಅನ್ನುವ ಎತ್ತರದ ದತ್ತಾಂಶ. ಅದು 2000ದ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆ 11 ದಿನ ಹಾರಾಡಿ ರಾಡಾರಿನಿಂದ ಅಳೆದದ್ದು. ಅದರಲ್ಲಿ ಒಂದೊಂದು ಚೌಕ 30 ಮೀಟರ್. 8 ಮೀಟರ್ ಅಗಲದ ಹಳ್ಳ ಅದರೊಳಗೆ ಕಾಣುವುದೇ ಇಲ್ಲ. ಇದು ಬೇಗ ಗೊತ್ತಾಯಿತು. ಹಾಗಾಗಿ ಸ್ಥಳಕ್ಕೆ ಹೋಗಿ ಟೋಟಲ್ ಸ್ಟೇಷನ್ ಅನ್ನುವ ಸರ್ವೆ ಉಪಕರಣ ಇಟ್ಟು 14 ಕಡೆ ಹಳ್ಳದ ಅಡ್ಡ ಅಳತೆ ತೆಗೆದೆವು. ಆಮೇಲೆ ನದಿಯ ಹರಿವು ಲೆಕ್ಕ ಹಾಕುವ ಹೆಕ್-ರಾಸ್ ಅನ್ನುವ ತಂತ್ರಾಂಶದಲ್ಲಿ ಒಂದೇ ದಿಕ್ಕಿನ ಹರಿವಿನ ಮಾಡೆಲ್ ಕಟ್ಟಿದೆವು. ಪಾತ್ರದ ಒರಟುತನ ಹೇಳುವ ಮ್ಯಾನಿಂಗ್ ಸಂಖ್ಯೆಗೆ ಪಠ್ಯಪುಸ್ತಕದ ಪಟ್ಟಿ ನೋಡಿ 0.045 ಹಾಕಿದೆವು. ಬೆಟ್ಟದ ಹಳ್ಳ, ತಳದಲ್ಲಿ ಗುಂಡುಕಲ್ಲು ಅಂದರೆ ಪಟ್ಟಿಯಲ್ಲಿ ಅದರ ಆಸುಪಾಸಿನ ಸಂಖ್ಯೆಯೇ ಸಿಗುತ್ತದೆ.

ಉತ್ತರ ತುಂಬ ಅಚ್ಚುಕಟ್ಟಾಗಿ ಬಂತು. ನೀರಿನ ಆಳ 1.3 ಮೀಟರ್, ವೇಗ ಸೆಕೆಂಡಿಗೆ 4.1 ಮೀಟರ್. ದಡ 1.6 ಮೀಟರ್ ಇರುವುದರಿಂದ ನೀರು ಪಾತ್ರದೊಳಗೇ ಇರುತ್ತದೆ, ಸೇತುವೆಯ ಕೆಳಗೂ ಆರಾಮಾಗಿ ಹೋಗುತ್ತದೆ. 70 ಮೀಟರ್ ದೂರದ ಕಟ್ಟಡಕ್ಕೆ ಏನೂ ಆಗಲ್ಲ. ಹೀಗೆ ಒಂದು ಗೆರೆ ಎಳೆದು ಕರಡು ವರದಿ ಕಳಿಸಿದೆವು. ಮಾಲೀಕರಿಗೆ ಖುಷಿಯಾಯಿತು.

ಅನುಮಾನ ಬಂದದ್ದು ಎಲ್ಲಿ

ವರದಿಯನ್ನು ಮತ್ತೆ ಓದುವಾಗ ನಮ್ಮ ಜೊತೆಗಿದ್ದ ಕಿರಿಯ ಇಂಜಿನಿಯರ್ ಒಬ್ಬಳು ಒಂದು ಕಾಲಮ್ ತೋರಿಸಿದಳು. ಫ್ರೌಡ್ ಸಂಖ್ಯೆಯ ಕಾಲಮ್, ಅಂದರೆ ನೀರಿನ ವೇಗವನ್ನು ಅದರ ಮೇಲೆ ಅಲೆ ಸಾಗುವ ವೇಗಕ್ಕೆ ಹೋಲಿಸುವ ಸಂಖ್ಯೆ. ಅದು ನೂರಾರು ಮೀಟರ್ ಉದ್ದಕ್ಕೂ 1ಕ್ಕಿಂತ ಜಾಸ್ತಿ ಇತ್ತು, ಸುಮಾರು 1.15. ಅಂದರೆ ಅಷ್ಟು ದೂರವೂ ನೀರು ಎಲ್ಲೂ ತಡೆಯಿಲ್ಲದೆ, ನುಣುಪಾದ ಕಾಂಕ್ರೀಟ್ ಕಾಲುವೆಯಲ್ಲಿ ಜಾರಿದ ಹಾಗೆ ಹೋಗಬೇಕು. "ಸರ್, ಬಂಡೆ ತುಂಬಿದ ಹಳ್ಳದಲ್ಲಿ ಇದು ಹೇಗೆ ಸಾಧ್ಯ?" ಅಂದಳು.

ಅವಳ ಪ್ರಶ್ನೆ ಸರಿಯಾಗಿತ್ತು. ಬೆಟ್ಟದ ಹಳ್ಳದಲ್ಲಿ ನೀರು ಒಂದು ಬಂಡೆಗೆ ಹೊಡೆದು, ಮೆಟ್ಟಿಲಿನಿಂದ ಗುಂಡಿಗೆ ಬಿದ್ದು, ಸುತ್ತಿ, ಮತ್ತೆ ಏಳುತ್ತದೆ. ಹೆಜ್ಜೆಹೆಜ್ಜೆಗೂ ಶಕ್ತಿ ಕಳೆದುಕೊಳ್ಳುತ್ತದೆ. ವೇಗ ಅಲ್ಲಲ್ಲಿ ಏರಬಹುದು, ಉದ್ದಕ್ಕೂ ಹಾಗೇ ಇರುವುದು ಅಪರೂಪ. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯ ರಾಬರ್ಟ್ ಜಾರೆಟ್ 1984ರಲ್ಲಿ ಇದನ್ನೇ ತೋರಿಸಿದ್ದರು. ಕೊಲರಾಡೋದ ಕಡಿದಾದ ತೊರೆಗಳಲ್ಲಿ ಅವರು ನಿಜವಾಗಿ ಅಳೆದು ನೋಡಿದಾಗ ಒರಟುತನ ಪಟ್ಟಿಗಳಲ್ಲಿ ಇರುವುದಕ್ಕಿಂತ ಎಷ್ಟೋ ಜಾಸ್ತಿ ಇತ್ತು, ಮತ್ತು ಇಳಿಜಾರು ಹೆಚ್ಚಿದಂತೆ ಒರಟುತನವೂ ಹೆಚ್ಚುತ್ತಿತ್ತು. ಅವರ ಸೂತ್ರವನ್ನು ಮೀಟರ್ ಲೆಕ್ಕಕ್ಕೆ ತಂದರೆ, ಇಳಿಜಾರಿನ 0.38ನೆಯ ಘಾತವನ್ನು 0.32ರಿಂದ ಗುಣಿಸಿ, ಜಲತ್ರಿಜ್ಯದ (ಹರಿವಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರು ತಾಗುವ ತಳ, ದಡಗಳ ಉದ್ದದಿಂದ ಭಾಗಿಸಿದ್ದು) 0.16ನೆಯ ಘಾತದಿಂದ ಭಾಗಿಸಬೇಕು. ನಮ್ಮ ಹಳ್ಳಕ್ಕೆ ಹಾಕಿದರೆ ಬಂದದ್ದು 0.085ರಿಂದ 0.09. ನಾವು ಹಾಕಿದ್ದರ ಸರಿಸುಮಾರು ಎರಡರಷ್ಟು.

ಅದೇ 42 ಘನ ಮೀಟರ್ ನೀರನ್ನೇ ಮತ್ತೆ ಓಡಿಸಿದೆವು. ವೇಗ 4.1ರಿಂದ 2.65ಕ್ಕೆ ಇಳಿಯಿತು. ಆಳ 1.3ರಿಂದ 2 ಮೀಟರಿಗೆ ಏರಿತು. ದಡ 1.6 ಮೀಟರ್ ಅಲ್ವಾ? ನೀರು ಈಗ ದಡದ ಮೇಲೆ 40 ಸೆಂಟಿಮೀಟರ್. ನೀರಿನ ಪ್ರಮಾಣ ಒಂದು ಹನಿಯೂ ಹೆಚ್ಚಿಲ್ಲ, ಬದಲಾದದ್ದು ಒಂದೇ ಸಂಖ್ಯೆ. ಆ ದಿನವೇ ಮಾಲೀಕರಿಗೆ ಫೋನ್ ಮಾಡಿ, ಕರಡು ವರದಿಯ ಮೇಲೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ ಅಂತ ಹೇಳಿದೆವು. ಹೇಳುವುದು ಕಷ್ಟವಾಗಿತ್ತು. ಆದರೆ ಇಡೀ ಕೆಲಸದಲ್ಲಿ ನಾವು ಮಾಡಿದ ಅತಿ ಮುಖ್ಯ ಕೆಲಸ ಅದೇ ಅಂತ ನನಗೆ ಈಗಲೂ ಅನಿಸುತ್ತದೆ.

ಹಳೆಯ ನೆರೆ ಬಿಟ್ಟುಹೋದ ಗುರುತು

ಮತ್ತೆ ಸ್ಥಳಕ್ಕೆ ಹೋದೆವು, ಈ ಸಲ ನಾಲ್ಕು ದಿನ. ಕಂಪ್ಯೂಟರ್ ತೆಗೆಯಲೇ ಇಲ್ಲ. ಹಳ್ಳದಲ್ಲಿ ಮೇಲೆ ಕೆಳಗೆ ನಡೆದು ಮರಗಳ ತೊಗಟೆ ನೋಡಿದೆವು. ನೆರೆಯಲ್ಲಿ ಬಂದ ದಿಮ್ಮಿ, ಕಲ್ಲು ಬಡಿದರೆ ನೀರು ಬರುವ ದಿಕ್ಕಿಗಿರುವ ಮರದ ಮುಖಕ್ಕೆ ಗಾಯವಾಗುತ್ತದೆ. ಗಾಯ ಮಾಯ್ದರೂ ಕಲೆ ಉಳಿಯುತ್ತದೆ. ಕಣಿವೆಯ ಬಾಯಿಯ ಹತ್ತಿರ, ಎರಡೂ ಕಡೆ ಬಂಡೆ ಇರುವ 7 ಮೀಟರ್ ಅಗಲದ ಇಕ್ಕಟ್ಟಿನಲ್ಲಿ, ಅಂಥ ಗಾಯಗಳೂ ಬಿರುಕಿನಲ್ಲಿ ಸಿಕ್ಕಿಕೊಂಡ ಹಳೆಯ ಕಟ್ಟಿಗೆಯೂ ತಳದಿಂದ 2.3 ಮೀಟರ್ ಎತ್ತರದಲ್ಲಿ ಒಂದೇ ಮಟ್ಟಕ್ಕೆ ಸಿಕ್ಕವು. ಗಾಯ ಪಾತ್ರದ ತಳದಿಂದ ಎಷ್ಟು ಮೇಲಿದೆ ಅಂತ ಅಳೆಯುವಾಗ ಒಂದು ಎಚ್ಚರ ಬೇಕು. ಅವತ್ತು ತಳ ಈಗಿನ ಮಟ್ಟದಲ್ಲೇ ಇತ್ತು ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಇಕ್ಕಟ್ಟಿನಲ್ಲಿ ತಳವೂ ಬಂಡೆಯೇ, ಅದಕ್ಕೇ ಆ ಜಾಗ ಆರಿಸಿದ್ದು.

ಆ ಎತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅಂದು ಹರಿದದ್ದು ಸೆಕೆಂಡಿಗೆ ಸುಮಾರು 44 ಘನ ಮೀಟರ್. ಇದೇ ಲೆಕ್ಕವನ್ನು ಹಳೆಯ 0.045 ಇಟ್ಟು ಮಾಡಿದ್ದರೆ 83 ಬರುತ್ತಿತ್ತು. ಇಲ್ಲಿ ಸ್ವಲ್ಪ ನಿಲ್ಲಿ, ಯಾಕಂದರೆ ಎಷ್ಟೋ ಜನ ಎಡವುವುದು ಇಲ್ಲೇ. ಒರಟುತನ ಕಡಿಮೆ ಹಿಡಿದರೆ ಹಳೆಯ ಗುರುತಿನಿಂದ ತೆಗೆದ ನೆರೆಯ ಪ್ರಮಾಣ ಉಬ್ಬುತ್ತದೆ, ಆದರೆ ಮುಂದಿನ ನೆರೆಯ ಮಟ್ಟ ತಗ್ಗುತ್ತದೆ. ಒಂದೇ ತಪ್ಪು ಎರಡು ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಎರಡೂ ಲೆಕ್ಕಕ್ಕೆ ಒಂದೇ ತಪ್ಪು ಸಂಖ್ಯೆ ಬಳಸಿದರೆ ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ, ಮಾಡೆಲ್ ಗುರುತಿಗೆ ಹೊಂದಿತು ಅಂತ ನಾವು ಸಮಾಧಾನ ಪಡುತ್ತೇವೆ. ಹಾಗಾಗಿ ಗುರುತಿಗೆ ಹೊಂದಿದ್ದು ಮಾತ್ರ ಸಾಲದು, ವೇಗವೂ ನಂಬುವ ಹಾಗಿದೆಯಾ ಅಂತ ಬೇರೆಯಾಗಿಯೇ ನೋಡಬೇಕು.

ಮೇಲಿನ ವಸತಿಯಲ್ಲಿ ಒಬ್ಬ ವಯಸ್ಸಾದ ಅಜ್ಜಿ ಆ ನೆರೆಯನ್ನು ಚಿಕ್ಕಂದಿನಲ್ಲಿ ಕಣ್ಣಾರೆ ನೋಡಿದ್ದರು. ನೀರು ಎಲ್ಲಿವರೆಗೆ ಬಂದಿತ್ತಜ್ಜಿ ಅಂತ ಕೇಳಿದೆ. "ನೀರು ಆಮೇಲೆ ಬಂತಪ್ಪಾ, ಮೊದಲು ಬಂದಿದ್ದು ಮರ, ಕಲ್ಲು. ಸೇತುವೆ ಬಾಯಿ ಕಟ್ಟಿಹೋಯ್ತು, ಹಳ್ಳ ಆ ಕಡೆ ತಿರುಗಿಬಿಡ್ತು" ಅಂದರು. ಕೈ ತೋರಿಸಿದ್ದು ಎಡಕ್ಕೆ. ಮಾಲೀಕರು ಆರಿಸಿಕೊಂಡ ಆ ಚಪ್ಪಟೆ ಜಾಗದ ಕಡೆಗೆ.

ಅಲ್ಲಿ ಒಂದು ಗುಂಡಿ ತೋಡಿಸಿದೆವು. ಮೇಲೆ ಒಂದು ಗೇಣು ಮಣ್ಣು, ಅದರ ಕೆಳಗೆ ಬರೀ ತೊಳೆದ ಗುಂಡುಕಲ್ಲು, ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಒಂದೇ ಕಡೆಗೆ ವಾಲಿಕೊಂಡು ಮಲಗಿತ್ತು. ಹರಿಯುವ ನೀರು ಮಾತ್ರ ಕಲ್ಲನ್ನು ಹಾಗೆ ಜೋಡಿಸುತ್ತದೆ. ಆ ಚಪ್ಪಟೆ ಜಾಗ ಚಪ್ಪಟೆಯಾಗಿದ್ದದ್ದೇ ಹಳ್ಳದಿಂದ. ಅದು ಹಳ್ಳದ ಹಳೆಯ ದಾರಿ.

ದಿಣ್ಣೆಯ ಬೆನ್ನು

ಇಲ್ಲಿಗೆ ಮೊದಲ ಮಾಡೆಲ್ ಕೈಬಿಟ್ಟೆವು. ಕಾರಣ ಹೇಳುತ್ತೇನೆ. ಬಯಲಿನ ನದಿ ತಗ್ಗಿನಲ್ಲಿ ಹರಿಯುತ್ತದೆ, ಎರಡೂ ಕಡೆ ನೆಲ ಮೇಲೇರುತ್ತಾ ಹೋಗುತ್ತದೆ. ನೀರಿನ ಮಟ್ಟ ಗೊತ್ತಾದರೆ ಆ ಮಟ್ಟ ನೆಲಕ್ಕೆ ತಾಗುವಲ್ಲಿ ಗೆರೆ ಎಳೆದರಾಯಿತು. ಬೆಟ್ಟದ ಬುಡದ ದಿಣ್ಣೆಯಲ್ಲಿ ಹಾಗಲ್ಲ. ಸಾವಿರಾರು ವರ್ಷ ಹಳ್ಳ ತಂದು ಸುರಿದ ಕಲ್ಲು ಮಣ್ಣಿನಿಂದಲೇ ದಿಣ್ಣೆ ಬೆಳೆದಿದೆ, ಹಳ್ಳ ಅದರ ಬೆನ್ನಿನ ಮೇಲೆ ಹರಿಯುತ್ತಿದೆ. ದಡದಿಂದ ದೂರ ಹೋದಂತೆ ನೆಲ ತಗ್ಗುತ್ತದೆ. ಒಮ್ಮೆ ಹೊರಗೆ ಬಿದ್ದ ನೀರು ಪಾತ್ರಕ್ಕೆ ವಾಪಸ್ ಬರುವುದಿಲ್ಲ. ಹಾಗಾಗಿ ಅಲ್ಲಿ ಕೇಳಬೇಕಾದ ಪ್ರಶ್ನೆ ನೀರು ಎಷ್ಟು ಎತ್ತರಕ್ಕೆ ಏರುತ್ತದೆ ಅನ್ನುವುದು ಮಾತ್ರ ಅಲ್ಲ, ಹಳ್ಳ ಎಲ್ಲಿ ತನ್ನ ಪಾತ್ರ ಬಿಟ್ಟು ಹೊರಡುತ್ತದೆ ಅನ್ನುವುದೂ ಹೌದು. ಸ್ಪೇನಿನ ಬಿಯೆಸ್ಕಾಸ್‌ನಲ್ಲಿ 1996ರ ಆಗಸ್ಟ್ 7ರಂದು ಇಂಥದ್ದೇ ದಿಣ್ಣೆಯ ಮೇಲಿದ್ದ ಒಂದು ಶಿಬಿರತಾಣಕ್ಕೆ ಸಣ್ಣ ಬೆಟ್ಟದ ತೊರೆಯೊಂದು ನುಗ್ಗಿ 87 ಜನ ಸತ್ತರು. ಈ ಕೆಲಸ ಮಾಡುವ ಯಾರೂ ಅದನ್ನು ಮರೆಯಬಾರದು ಅಂತ ನನ್ನ ಅನಿಸಿಕೆ.

ಡ್ರೋನ್ ಸರ್ವೆ ಮಾಡಿಸಿ, ಪೊದೆಗಳಿರುವಲ್ಲಿ ನೆಲವನ್ನು ಕೈಯಿಂದಲೇ ಅಳೆದು ತಿದ್ದಿ, 2 ಮೀಟರ್ ಚೌಕಗಳ ಎರಡು ಆಯಾಮದ ಮಾಡೆಲ್ ಕಟ್ಟಿದೆವು. ಹೆಕ್-ರಾಸ್‌ನಲ್ಲಿ 2016ರ 5.0 ಆವೃತ್ತಿಯಿಂದ ಈ ಸೌಲಭ್ಯ ಇದೆ. ನೀರು ಯಾವ ಕಡೆ ಹೋಗುತ್ತದೆ ಅಂತ ನಾವು ಹೇಳಬೇಕಾಗಿಲ್ಲ, ನೆಲವೇ ತೀರ್ಮಾನಿಸುತ್ತದೆ.

ಮಳೆಯ ಲೆಕ್ಕವನ್ನೂ ತಿದ್ದಿದೆವು. ಕಿರ್ಪಿಚ್ ಸೂತ್ರದ ಪ್ರಕಾರ ಬೆಟ್ಟದ ತುದಿಯಲ್ಲಿ ಬಿದ್ದ ನೀರು ಕೆಳಗೆ ತಲುಪಲು ಬೇಕಾದದ್ದು ಸುಮಾರು 34 ನಿಮಿಷ. ಇಂಥ ಹಳ್ಳಕ್ಕೆ ದಿನವಿಡೀ ಸುರಿಯುವ ಮಳೆಗಿಂತ ಅರ್ಧ ಗಂಟೆ ಜಡಿದು ಸುರಿಯುವ ಮಳೆಯೇ ಅಪಾಯ. ದಿನದ ಲೆಕ್ಕವನ್ನು ಗಂಟೆಗೆ ಹಂಚುವಾಗ ಆ ಜಡಿಮಳೆ ಸರಾಸರಿಯಲ್ಲಿ ಕಳೆದುಹೋಗಿತ್ತು. ಅಕ್ಕಪಕ್ಕದ ಸ್ವಯಂಚಾಲಿತ ಮಾಪಕಗಳ 15 ನಿಮಿಷದ ಅಳತೆ ನೋಡಿದ ಮೇಲೆ ಗಂಟೆಗೆ 60 ಮಿಲಿಮೀಟರ್ ದರ ಹಿಡಿದೆವು. ನೆರೆ 42ರಿಂದ 60 ಘನ ಮೀಟರಿಗೆ ಏರಿತು. ನೆನಪಿನಲ್ಲಿರುವ ಒಂದೇ ನೆರೆ 44 ಆಗಿರುವಾಗ, 1 ಶೇಕಡಾ ನೆರೆ ಅದಕ್ಕಿಂತ ಕಡಿಮೆ ಅಂತ ಹೇಳುವ ಧೈರ್ಯ ನಮಗೆ ಇರಲಿಲ್ಲ.

ಇನ್ನು ಸೇತುವೆ. ಬಾಯಿ ತೆರೆದಿದ್ದರೆ 42 ಘನ ಮೀಟರ್ ಹೇಗೋ ಹೋಗುತ್ತದೆ. ನಡುವಿನ ಕಂಬಕ್ಕೆ ಒಂದು ಉದ್ದದ ಮರ ಅಡ್ಡ ಬಿದ್ದರೆ ಮುಗಿಯಿತು, ಹಿಂದೆ ಬಂದದ್ದೆಲ್ಲ ಅಲ್ಲೇ ಸೇರುತ್ತದೆ. 2004ರ ಆಗಸ್ಟ್ 16ರಂದು ಇಂಗ್ಲೆಂಡಿನ ಬಾಸ್ಕಾಸಲ್‌ನಲ್ಲೂ ಮರಗಳು, ಕಾರುಗಳು ಸೇತುವೆಗೆ ಸಿಕ್ಕಿ ನೀರು ಊರೊಳಗೆ ತಿರುಗಿತ್ತು. ನಾವು ಅರ್ಧ ಬಾಯಿ ಮುಚ್ಚಿ 60 ಘನ ಮೀಟರ್ ಓಡಿಸಿದೆವು. ಅರ್ಧಕ್ಕಿಂತ ಹೆಚ್ಚು ನೀರು ಎಡಕ್ಕೆ ತಿರುಗಿ, ಅಜ್ಜಿ ತೋರಿಸಿದ ದಾರಿಯಲ್ಲೇ ಇಳಿದು, ಕಟ್ಟಡದ ಜಾಗದ ಮೇಲೆ 60 ಸೆಂಟಿಮೀಟರ್ ಆಳ, ಸೆಕೆಂಡಿಗೆ 2.3 ಮೀಟರ್ ವೇಗದಲ್ಲಿ ಹರಿಯಿತು. 60 ಸೆಂಟಿಮೀಟರ್ ಅಂದರೆ ಮಂಡಿಯ ಸ್ವಲ್ಪ ಮೇಲೆ, ಅಷ್ಟೇನಾ ಅನಿಸಬಹುದು. ಆಳವನ್ನು ವೇಗದಿಂದ ಗುಣಿಸಿ ನೋಡಿ, 1.4 ಬರುತ್ತದೆ. ಆಸ್ಟ್ರೇಲಿಯಾದ ಮಾರ್ಗಸೂಚಿ 1.2 ದಾಟಿದರೆ ಗಟ್ಟಿಮುಟ್ಟಾದ ದೊಡ್ಡವರಿಗೂ ನಿಲ್ಲಲಾಗದ ವಿಪರೀತ ಅಪಾಯ ಅನ್ನುತ್ತದೆ. ಕಲ್ಲು ಮಣ್ಣು ಬೆರೆತು ನೀರಿನ ಗಾತ್ರವೇ ಉಬ್ಬುವುದು ಇನ್ನೊಂದು ಮಾತು. ಒಟ್ಟು ಗಾತ್ರದಲ್ಲಿ ಐದನೇ ಒಂದು ಭಾಗ ಹೂಳು ಇದ್ದರೆ ಪ್ರಮಾಣ ಒಂದೂಕಾಲು ಪಟ್ಟು ಆಗುತ್ತದೆ, ಅಂದರೆ 60 ಹೋಗಿ 75. ಅದನ್ನೂ ಓಡಿಸಿದೆವು.

ಮಾಲೀಕರ ಪ್ರಶ್ನೆ

ಹೊಸ ನಕ್ಷೆಯಲ್ಲಿ ನಾಲ್ಕು ಗೆರೆ ಇದ್ದವು. 42 ಘನ ಮೀಟರ್, ಸೇತುವೆಯ ಬಾಯಿ ತೆರೆದಿದ್ದಾಗ. 60, ತೆರೆದಾಗ. 60, ಅರ್ಧ ಮುಚ್ಚಿದಾಗ. 75, ಅರ್ಧ ಮುಚ್ಚಿದಾಗ. ಮಾಲೀಕರು ತುಂಬ ಹೊತ್ತು ನೋಡಿ, "ನಾನು ಕೇಳಿದ್ದು ಒಂದು ಗೆರೆ, ನೀವು ನಾಲ್ಕು ತಂದಿದ್ದೀರಿ. ಇದರಲ್ಲಿ ನಿಜ ಯಾವುದು ಹೇಳಿ" ಅಂದರು.

ಅವರ ಬೇಸರ ನ್ಯಾಯವೇ. ಮೊದಲ ಮತ್ತು ಎರಡನೇ ಗೆರೆಗಳ ನಡುವೆ ಅಂತರ ಬರೀ ಹತ್ತು ಹನ್ನೆರಡು ಮೀಟರ್ ಇತ್ತು. ಮೂರನೆಯದು ಮಾತ್ರ ಒಮ್ಮೆಲೇ ನೂರು ಮೀಟರ್ ಆಚೆಗೆ ಜಿಗಿದಿತ್ತು. ಮಳೆಯ ಅಂಕಿಯ ಮೇಲೆ ನಾವು ವಾರಗಟ್ಟಲೆ ಚರ್ಚೆ ಮಾಡಿದ್ದೆವು, ಆದರೆ ಆ ಗೆರೆಯನ್ನು ಅಷ್ಟು ದೂರ ತಳ್ಳಿದ್ದು ಒಂದು ಸೇತುವೆಯ ಕಂಬ. ಇದನ್ನು ನಾಲ್ಕು ಗೆರೆ ಪಕ್ಕಪಕ್ಕ ಇಟ್ಟಾಗ ಮಾತ್ರ ಕಾಣಬಹುದು. ಒಂದೇ ಗೆರೆ ಕೊಟ್ಟಿದ್ದರೆ ಅದು ಯಾವ ಊಹೆಯ ಮೇಲೆ ನಿಂತಿದೆ ಅಂತ ಅವರಿಗೆ ತಿಳಿಯುತ್ತಲೇ ಇರಲಿಲ್ಲ.

ಗೆರೆಯ ಬಗ್ಗೆ ವಾದ ಮಾಡುವ ಬದಲು ಬಳಕೆಯ ಬಗ್ಗೆ ಮಾತಾಡೋಣ ಅಂದೆವು. ಅಲ್ಲಿಂದ ಮಾತು ಸಲೀಸಾಯಿತು. ಯಾರಾದರೂ ರಾತ್ರಿ ಮಲಗುವ ಕೋಣೆ ನಾಲ್ಕನೇ ಗೆರೆಯ ಆಚೆಗೇ ಇರಬೇಕು. ವಾಹನ ನಿಲ್ಲಿಸುವ ಜಾಗ, ಉಗ್ರಾಣ ಎರಡನೇ ಗೆರೆಯ ಆಚೆ ಇರಲಿ. ಅದರೊಳಗೆ ಗಿಡ, ಹುಲ್ಲು ಬಿಟ್ಟು ಏನೂ ಬೇಡ.

ಹಾಗೆ ನೋಡಿದಾಗ ಉಳಿದದ್ದು ಅವರು ಎಂದೂ ಯೋಚಿಸದ ಒಂದು ಮೂಲೆ. ಸೇತುವೆಗಿಂತ ಮೇಲೆ, ದಿಣ್ಣೆಯ ನೆತ್ತಿಯ ಪಕ್ಕ, ಹಳ್ಳದಿಂದ ಬರೀ 18 ಮೀಟರ್ ದೂರ. ಆದರೆ ಪಾತ್ರಕ್ಕಿಂತ 6 ಮೀಟರ್ ಎತ್ತರದ ಬಂಡೆಯ ಮೇಲೆ. ಅಲ್ಲಿನ ಮಣ್ಣು ಆಳವಾಗಿ ಕೆಂಪಗಾಗಿತ್ತು, ಬಂಡೆಗಳ ಮೇಲೆ ಕಲ್ಲುಹೂವು ದಪ್ಪವಾಗಿ ಬೆಳೆದಿತ್ತು. ಬಹಳ ಕಾಲದಿಂದ ನೀರು ಮುಟ್ಟದ ನೆಲ. "ಹಳ್ಳಕ್ಕೆ ಇಷ್ಟು ಹತ್ತಿರ ಕಟ್ಟೋದಾ?" ಅಂತ ಅವರಿಗೆ ನಂಬಿಕೆ ಬರಲು ಸಮಯ ಹಿಡಿಯಿತು. 70 ಮೀಟರ್ ದೂರದ ಜಾಗಕ್ಕಿಂತ 18 ಮೀಟರ್ ದೂರದ ಜಾಗ ಸುರಕ್ಷಿತ ಅನ್ನುವುದನ್ನು ಒಪ್ಪಿಸಿದ್ದು ನಮ್ಮ ಬಣ್ಣಬಣ್ಣದ ನಕ್ಷೆ ಅಲ್ಲ. ಆ ಗುಂಡಿಯೊಳಗೆ ಇಳಿದು ವಾಲಿಕೊಂಡ ಕಲ್ಲುಗಳನ್ನು ಅವರೇ ಕೈಯಿಂದ ಮುಟ್ಟಿ ನೋಡಿದ್ದು.

ಸೇತುವೆಯ ನಡುಕಂಬ ತೆಗೆದು ಒಂದೇ ಹರವಿನದ್ದು ಕಟ್ಟಬೇಕು ಅಂತಲೂ ಬರೆದೆವು. ಆಮೇಲೆ ಅದು ಆಯಿತು. ಆದರೂ ಗೆರೆಗಳನ್ನು ನಾವು ಒಳಕ್ಕೆ ಸರಿಸಲಿಲ್ಲ. ಸರಿಸಿ ಅಂತ ಒತ್ತಾಯ ಇತ್ತು. ಕಂಬ ಇಲ್ಲದಿದ್ದರೂ ಮೇಲಿಂದ ಬಂದ ಕಲ್ಲು ಪಾತ್ರವನ್ನೇ ತುಂಬಿಸಬಹುದು, ಆಗಲೂ ಹಳ್ಳ ಎಡಕ್ಕೇ ತಿರುಗುತ್ತದೆ.

ಎರಡನೇ ಮಳೆಗಾಲ

ಕಟ್ಟಡ ಆ ಬಂಡೆಯ ಮೇಲೆ ಎದ್ದಿತು. ಎರಡನೇ ಮಳೆಗಾಲದಲ್ಲಿ ಒಂದು ಮಧ್ಯಮ ನೆರೆ ಬಂತು. ಅಲ್ಲಿನವರಿಗೆ ಮೊದಲೇ ಹೇಳಿಕೊಟ್ಟಿದ್ದ ಹಾಗೆ, ದಡದಲ್ಲಿ ದೂರ ನಿಂತು ವಿಡಿಯೋ ತೆಗೆದಿದ್ದರು. ತೇಲಿ ಬಂದ ಕಡ್ಡಿಗಳು ಗೂಟದಿಂದ ಗೂಟಕ್ಕೆ 30 ಮೀಟರ್ ಹೋಗಲು ಸರಾಸರಿ 14 ಸೆಕೆಂಡ್ ತೆಗೆದುಕೊಂಡವು. ಮೇಲ್ಮೈ ವೇಗದ 85 ಶೇಕಡಾವನ್ನು ಒಟ್ಟು ಹರಿವಿನ ಸರಾಸರಿ ವೇಗ ಅಂತ ಹಿಡಿದರೆ ಸೆಕೆಂಡಿಗೆ 1.8 ಮೀಟರ್. ನೆರೆ ಇಳಿದ ಮೇಲೆ ಕಸದ ಗೆರೆ ಅಳೆದಾಗ ಆಳ 1.2 ಮೀಟರ್. ಹಿಂದಕ್ಕೆ ಲೆಕ್ಕ ಹಾಕಿದರೆ ಒರಟುತನ 0.095ಕ್ಕೂ 0.1ಕ್ಕೂ ನಡುವೆ ಬಂತು. ನಾವು ಹಾಕಿದ್ದ 0.09ಕ್ಕಿಂತಲೂ ಸ್ವಲ್ಪ ಜಾಸ್ತಿ. ಮಾಡೆಲನ್ನು ಹೊಸ ಸಂಖ್ಯೆ ಇಟ್ಟು ಮತ್ತೆ ಓಡಿಸಿದೆವು, ನಾಲ್ಕನೇ ಗೆರೆ ಒಂದೆರಡು ಮೀಟರ್ ಹೊರಕ್ಕೆ ಸರಿಯಿತು, ತಿದ್ದಿದ ನಕ್ಷೆಯನ್ನು ಮಾಲೀಕರಿಗೆ ಕಳಿಸಿದೆವು.

ಆ ಚಪ್ಪಟೆ ಜಾಗ ಈಗ ಹುಲ್ಲುಗಾವಲು. ಅದರ ನಡುವೆ, ಅಜ್ಜಿ ಕೈ ತೋರಿಸಿದ ದಾರಿಯುದ್ದಕ್ಕೂ, ಮಾಲೀಕರು ತಾವಾಗಿಯೇ ಬಿಳಿ ಬಣ್ಣ ಬಳಿದ ಕಲ್ಲುಗಳ ಒಂದು ಸಾಲು ನೆಡಿಸಿದ್ದಾರೆ.